ಓದುಗರ ಪ್ರಶ್ನೆ, ನಮ್ಮ ಉತ್ತರ: ಉಬ್ಬರಕ್ಕಾಗಿ ಹಡಗುಗಳು ಕಾಯುತ್ತಿದ್ದ ಜಪಾನಿನ ಊರು

ಜಪಾನಿನ ಸಣ್ಣ ಬಂದರು ಪಟ್ಟಣಗಳ ಬಗ್ಗೆ ಬಂದಿರುವ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಮಗಳು ಮತ್ತು ಅಳಿಯ ಒಸಾಕಾದಲ್ಲಿ ಉದ್ಯೋಗದಲ್ಲಿದ್ದಾರೆ. ಬರುವ ವಸಂತದಲ್ಲಿ ನಾವು ದಂಪತಿ ಅಲ್ಲಿಗೆ ಹೋಗುವವರಿದ್ದೇವೆ. ಟೋಕಿಯೊ, ಕ್ಯೋಟೊಗಳನ್ನು ಅವರು ಹೇಗೂ ತೋರಿಸುತ್ತಾರೆ. ಮಲ್ಪೆಯ ಧಕ್ಕೆಯ ಪಕ್ಕದಲ್ಲಿ ಬೆಳೆದ ನನಗೆ ಅಲ್ಲಿನ ಒಂದು ಹಳೆಯ, ಸಣ್ಣ ಬಂದರನ್ನು ನೋಡುವ ಆಸೆ. ಯಾವುದನ್ನು ಸೂಚಿಸುತ್ತೀರಿ? (ಓದುಗರೊಬ್ಬರು, ಉಡುಪಿ)

ಉತ್ತರ: ಒಂದೇ ಹೆಸರು ಹೇಳಬೇಕೆಂದರೆ ತೊಮೊ-ನೊ-ಉರಾ. ಚಿಕ್ಕದಾಗಿ ತೊಮೊ ಎಂದರೂ ಸಾಕು. ಹಿರೋಶಿಮಾ ಪ್ರಾಂತದ ಫುಕುಯಾಮಾ ನಗರಕ್ಕೆ ಸೇರಿದ ಈ ಊರು, ಅಲ್ಲಿನ ರೈಲು ನಿಲ್ದಾಣದಿಂದ ದಕ್ಷಿಣಕ್ಕೆ ಸುಮಾರು 14 ಕಿಲೋಮೀಟರ್ ದೂರದಲ್ಲಿ, ಬೆಟ್ಟಕ್ಕೂ ಕಡಲಿಗೂ ನಡುವಿನ ಕಿರಿದಾದ ಜಾಗದಲ್ಲಿ, ದುಂಡನೆಯ ಒಂದು ಪುಟ್ಟ ಕೊಲ್ಲಿಯನ್ನು ಸುತ್ತುವರಿದು ಬೆಳೆದಿದೆ. ಮಲ್ಪೆಯನ್ನು ಬಲ್ಲ ನಿಮಗೆ ಇದು ಬೇಗ ಅರ್ಥವಾಗುವ ಊರು. ಆದರೆ ಇಲ್ಲಿನ ಕಡಲಿನ ಸ್ವಭಾವ ನಮ್ಮ ಅರಬ್ಬಿ ಸಮುದ್ರಕ್ಕಿಂತ ಬೇರೆಯಾದುದರಿಂದ, ಹೊರಡುವ ಮೊದಲು ಅದನ್ನು ಸ್ವಲ್ಪ ತಿಳಿದುಕೊಂಡರೆ ಊರು ಪೂರ್ತಿಯಾಗಿ ತೆರೆದುಕೊಳ್ಳುತ್ತದೆ.

ಹೊನ್ಶೂ, ಶಿಕೊಕು, ಕ್ಯೂಶೂ ಎಂಬ ಮೂರು ದೊಡ್ಡ ದ್ವೀಪಗಳ ನಡುವೆ ಸಿಕ್ಕಿಕೊಂಡಿರುವ ಒಳನಾಡಿನ ಕಡಲಿಗೆ ಸೆತೊ ಸಮುದ್ರವೆಂದು ಹೆಸರು. ಉಬ್ಬರದ ನೀರು ಇದರೊಳಕ್ಕೆ ಪೂರ್ವದ ಕಿಯಿ ಜಲಸಂಧಿಯಿಂದಲೂ ಪಶ್ಚಿಮದ ಬುಂಗೊ ಜಲಸಂಧಿಯಿಂದಲೂ ನುಗ್ಗುತ್ತದೆ. ಎರಡೂ ಪ್ರವಾಹಗಳು ಎದುರುಬದುರಾಗಿ ಬಂದು ಸೇರುವುದು ಹೆಚ್ಚುಕಡಿಮೆ ತೊಮೊದ ಎದುರಿನಲ್ಲಿ. ಇಳಿತ ಶುರುವಾದಾಗ ಅದೇ ನೀರು ಅಲ್ಲಿಂದ ಎರಡು ದಿಕ್ಕಿಗೂ ಹರಿದು ಹೋಗುತ್ತದೆ. ಹಾಯಿಯ ಕಾಲದಲ್ಲಿ ಇದರ ಬೆಲೆ ಅಪಾರವಾಗಿತ್ತು. ಪೂರ್ವದಿಂದ ಬಂದ ಹಡಗು ಉಬ್ಬರದ ಬಲದಿಂದ ತೊಮೊದವರೆಗೆ ತೇಲಿ ಬಂದು, ಇಲ್ಲಿ ಲಂಗರು ಹಾಕಿ ಕಾದಿದ್ದು, ಇಳಿತದ ನೀರಿನೊಂದಿಗೆ ಪಶ್ಚಿಮಕ್ಕೆ ಸಾಗುತ್ತಿತ್ತು. ಪಶ್ಚಿಮದಿಂದ ಬಂದದ್ದು ಅದೇ ರೀತಿ ಪೂರ್ವಕ್ಕೆ ಹೋಗುತ್ತಿತ್ತು. ನೀರಿಗಾಗಿ, ಗಾಳಿಗಾಗಿ ಕಾಯುವ ನಾವಿಕರು, ವರ್ತಕರು, ದೊರೆಗಳು ಮತ್ತು ರಾಯಭಾರಿಗಳಿಂದಲೇ ಈ ಊರು ಬದುಕಿತು. ಎಂಟನೆಯ ಶತಮಾನದ ಕವಿತೆಗಳಲ್ಲೇ ಇದರ ಹೆಸರು ಬರುತ್ತದೆ. 1867ರಲ್ಲಿ ಸಮುರಾಯ್ ಮುಂದಾಳು ಸಕಾಮೊತೊ ರ್‍ಯೋಮನ ಬಳಗದ ಇರೊಹಾ-ಮಾರು ಎಂಬ ಉಗಿಹಡಗು ಕಿಯಿ ಸಂಸ್ಥಾನದ ಹಡಗಿಗೆ ಡಿಕ್ಕಿಯಾಗಿ ಮುಳುಗಿದಾಗ ಪರಿಹಾರದ ಮಾತುಕತೆ ಮೊದಲು ನಡೆದದ್ದೂ ಇಲ್ಲಿಯೇ.

ಹತ್ತಿರದ ಒನೊಮಿಚಿಯೂ ಚೆಂದದ ಬಂದರೇ. ಅಲ್ಲಿ ಬೆಟ್ಟದ ಮೆಟ್ಟಿಲುಗಳೂ ದೇವಾಲಯಗಳೂ ಇವೆ, ರೈಲು ಊರ ನಡುವೆಯೇ ಹಾಯ್ದು ಹೋಗುವುದರಿಂದ ತಲುಪುವುದೂ ಸುಲಭ. ಆದರೂ ಹಳೆಯ ಧಕ್ಕೆಯೇ ನಿಮ್ಮ ಆಸಕ್ತಿಯಾದ್ದರಿಂದ ತೊಮೊವನ್ನು ಆರಿಸಿಕೊಳ್ಳಿ.

ಪ್ರಶ್ನೆ: ಬೆಂಗಳೂರಿನಿಂದ ತೊಮೊ-ನೊ-ಉರಾವನ್ನು ತಲುಪುವುದು ಹೇಗೆ? ಯಾವ ತಿಂಗಳು ಉತ್ತಮ? ಹಿರೋಶಿಮಾದಿಂದ ಬೆಳಿಗ್ಗೆ ಹೋಗಿ ಸಂಜೆ ಮರಳಿದರೆ ಸಾಕೇ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ಬೆಂಗಳೂರಿನಿಂದ ಟೋಕಿಯೊ ಬಳಿಯ ನರಿಟಾಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಭಾರತೀಯರಿಗೆ ವೀಸಾ ಬೇಕೇ ಬೇಕು. ಟೋಕಿಯೊದಿಂದ ಶಿಂಕಾನ್‌ಸೆನ್ ರೈಲಿನಲ್ಲಿ ಫುಕುಯಾಮಾಕ್ಕೆ ಸುಮಾರು ಮೂರೂವರೆ ಗಂಟೆ, ಒಸಾಕಾದಿಂದ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು, ಹಿರೋಶಿಮಾದಿಂದ ಅರ್ಧ ಗಂಟೆಗೂ ಕಡಿಮೆ. ಎಲ್ಲ ವೇಗದ ರೈಲುಗಳೂ ಫುಕುಯಾಮಾದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಟಿಕೆಟ್ ಕೊಳ್ಳುವಾಗ ನಿಲುಗಡೆಯನ್ನು ನೋಡಿಕೊಳ್ಳಬೇಕು. ಪ್ರವಾಸಿಗರಿಗೆಂದು ಇರುವ ರೈಲು ಪಾಸಿನ ಬೆಲೆ 2023ರ ಅಕ್ಟೋಬರಿನಲ್ಲಿ ತೀವ್ರವಾಗಿ ಏರಿ, ಏಳು ದಿನಗಳ ಸಾಮಾನ್ಯ ಪಾಸಿಗೆ 50,000 ಯೆನ್ ಆಯಿತು. ಒಸಾಕಾದಿಂದ ಫುಕುಯಾಮಾಕ್ಕೆ ಹೋಗಿ ಬರುವುದಷ್ಟೇ ಉದ್ದೇಶವಾದರೆ ಬಿಡಿ ಟಿಕೆಟ್ಟೇ ಲಾಭ. ಫುಕುಯಾಮಾ ನಿಲ್ದಾಣದ ಮುಂದಿನಿಂದ ತೊಮೊಗೆ ಬಸ್ಸು ಹೊರಡುತ್ತದೆ, ಪ್ರಯಾಣ ಸುಮಾರು ಅರ್ಧ ಗಂಟೆ. ಬಸ್ಸಿಗೆ ಕಾಯಬೇಕಾಗಿ ಬಂದರೆ ನಿಲ್ದಾಣಕ್ಕೆ ಅಂಟಿಕೊಂಡೇ ಇರುವ ಫುಕುಯಾಮಾ ಕೋಟೆಯನ್ನು ನೋಡಬಹುದು: 1622ರ ಈ ಕೋಟೆಯ ಮುಖ್ಯ ಗೋಪುರ 1945ರ ವಿಮಾನದಾಳಿಯಲ್ಲಿ ಸುಟ್ಟುಹೋಗಿ, 1966ರಲ್ಲಿ ಮತ್ತೆ ಎದ್ದು ನಿಂತಿತು.

ಮಾರ್ಚ್ ಕೊನೆಯಿಂದ ಮೇ ತಿಂಗಳವರೆಗೆ, ಮತ್ತು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಹವೆ ಹಿತವಾಗಿರುತ್ತದೆ. ಜೂನ್, ಜುಲೈಗಳಲ್ಲಿ ಅಲ್ಲಿಯೂ ಮಳೆಗಾಲ. ಬೇಸಿಗೆಯ ಕೊನೆಯಿಂದ ಶರತ್ಕಾಲದ ಆರಂಭದವರೆಗೆ ಚಂಡಮಾರುತಗಳ ಭಯ. ಮೇ ತಿಂಗಳಲ್ಲಿ ಹಲವು ದೋಣಿಗಳು ಸೇರಿ ಬಲೆ ಬೀಸಿ ತೈ ಎಂಬ ಕೆಂಪು ಮೀನನ್ನು ಹಿಡಿಯುವ ಹಳೆಯ ಪದ್ಧತಿಯನ್ನು ಪ್ರವಾಸಿಗರಿಗಾಗಿ ನಡೆಸಿ ತೋರಿಸುತ್ತಾರೆ, ಮೀನುಗಾರಿಕೆ ಬಲ್ಲವರಿಗೆ ಅದು ವಿಶೇಷ ನೋಟ. ಫೆಬ್ರವರಿ, ಮಾರ್ಚ್‌ನಲ್ಲಿ ಹೋದರೆ ಹೆಣ್ಣುಮಕ್ಕಳ ಹಬ್ಬದ ಗೊಂಬೆಗಳನ್ನು ಮನೆಗಳಲ್ಲೂ ಅಂಗಡಿಗಳಲ್ಲೂ ಹಂತಹಂತವಾಗಿ ಜೋಡಿಸಿ ದಾರಿಹೋಕರಿಗೆ ಕಾಣುವಂತೆ ಇಟ್ಟಿರುತ್ತಾರೆ. ಮೈಸೂರು ಕಡೆಯ ಓದುಗರಿಗೆ ನವರಾತ್ರಿಯ ಗೊಂಬೆ ಕೂರಿಸುವುದು ನೆನಪಾಗದೆ ಇರದು.

ಬೆಳಿಗ್ಗೆ ಹೋಗಿ ಸಂಜೆ ಮರಳುವುದು ಸಾಧ್ಯ, ಬಹಳ ಜನ ಹಾಗೆಯೇ ಮಾಡುತ್ತಾರೆ. ನನ್ನ ಸಲಹೆ ಮಾತ್ರ ಒಂದು ರಾತ್ರಿಯಾದರೂ ಉಳಿಯಿರಿ ಎಂಬುದು. ಕಾರಣವನ್ನು ಮುಂದಿನ ಉತ್ತರದಲ್ಲಿ ಹೇಳಿದ್ದೇನೆ.

ಪ್ರಶ್ನೆ: ನಾನು ಇತಿಹಾಸದ ಅಧ್ಯಾಪಕ. ತೊಮೊದ ಹಳೆಯ ಬಂದರು ಹಾಗೆಯೇ ಉಳಿದಿದೆಯೆಂದು ಕೇಳಿದ್ದೇನೆ. ಅಲ್ಲಿ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಕ್ರಮವನ್ನು ನಿರ್ಧರಿಸುವುದು ಕಡಲು. ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ನೀರಿನ ಮಟ್ಟದ ವ್ಯತ್ಯಾಸ, ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ, ಮೂರು ಮೀಟರನ್ನು ದಾಟುತ್ತದೆ. ನಮ್ಮ ಮಂಗಳೂರಿನ ಕಡೆ ಅದು ಸಾಮಾನ್ಯವಾಗಿ ಎರಡು ಮೀಟರಿನೊಳಗೇ ಇರುತ್ತದೆ. ಇಷ್ಟು ಏರಿಳಿಯುವ ನೀರಿನಲ್ಲಿ ಸಮತಟ್ಟಾದ ಧಕ್ಕೆಯೊಂದನ್ನು ಕಟ್ಟಿದರೆ ದಿನದ ಅರ್ಧ ಹೊತ್ತು ದೋಣಿಗಳು ಅದಕ್ಕಿಂತ ಎಷ್ಟೋ ಕೆಳಗೆ ಇರಬೇಕಾಗುತ್ತದೆ. ಆದ್ದರಿಂದ ಕಟ್ಟುವವರು ಬಂದರಿನ ಅಂಚನ್ನೇ ಕಲ್ಲಿನ ಮೆಟ್ಟಿಲುಗಳ ಸಾಲಾಗಿ ಮಾಡಿದರು. ನೀರು ಎಷ್ಟೇ ಮೇಲಿದ್ದರೂ, ಎಷ್ಟೇ ಕೆಳಗಿದ್ದರೂ ಯಾವುದೋ ಒಂದು ಮೆಟ್ಟಿಲು ದೋಣಿಯ ಅಂಚಿಗೆ ಸರಿಯಾಗಿ ಸಿಗುತ್ತದೆ, ಹಮಾಲಿಗಳು ಅಲ್ಲಿಂದಲೇ ಮೂಟೆ ಇಳಿಸಬಹುದು. ದೇವಸ್ಥಾನದ ಪುಷ್ಕರಣಿಯ ಸೋಪಾನಗಳನ್ನು ನೋಡಿ ಬೆಳೆದ ನಮಗೆ ಈ ರಚನೆಯ ಜಾಣತನ ಒಮ್ಮೆಲೇ ಹೊಳೆಯುತ್ತದೆ. ಉಬ್ಬರದ ಹೊತ್ತಿಗೆ ಮಾತ್ರ ಹೋದವರು ಮೇಲಿನ ಕೆಲವೇ ಮೆಟ್ಟಿಲುಗಳನ್ನು ನೋಡಿ ಮರಳುತ್ತಾರೆ. ಇಳಿತದಲ್ಲಿ ಪೂರ್ತಿ ಸಾಲು, ಪಾಚಿಗಟ್ಟಿದ ಕೆಳಹಂತಗಳೊಂದಿಗೆ, ಕೊಲ್ಲಿಯ ಬಾಗಿಗೆ ತಕ್ಕಂತೆ ಬಳುಕುತ್ತ ಹೋಗುವುದು ಕಾಣುತ್ತದೆ. ಎರಡನ್ನೂ ಬೆಳಕಿನಲ್ಲಿ ನೋಡಬೇಕಾದರೆ ಒಂದು ಸಂಜೆ ಮತ್ತು ಒಂದು ಬೆಳಗು ಕೈಯಲ್ಲಿರಬೇಕು, ಹಾಗಾಗಿಯೇ ರಾತ್ರಿ ಉಳಿಯಿರೆಂದು ಮೇಲೆ ಹೇಳಿದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಅತಿ ಹೆಚ್ಚು. ಪಂಚಾಂಗ ನೋಡಿ ದಿನ ಗೊತ್ತುಮಾಡಿಕೊಳ್ಳಿ. ನಿಖರವಾದ ಗಂಟೆ, ನಿಮಿಷಗಳನ್ನು ಜಪಾನಿನ ಹವಾಮಾನ ಇಲಾಖೆ ಮುಂಚಿತವಾಗಿಯೇ ಪ್ರಕಟಿಸುತ್ತದೆ.

ಮೆಟ್ಟಿಲುಗಳ ತುದಿಯಲ್ಲಿ ನಿಂತಿರುವ ಕಲ್ಲಿನ ದೀಪಸ್ತಂಭ 1859ರದು. ನೆಲದ ಮೇಲೆ ಅದರ ಎತ್ತರ ಸುಮಾರು ಐದೂವರೆ ಮೀಟರ್. ರಾತ್ರಿ ಬರುವ ಹಡಗುಗಳಿಗೆ ಬಂದರಿನ ಬಾಯಿ ಎಲ್ಲಿದೆಯೆಂದು ತೋರಿಸುವುದು ಅದರ ಕೆಲಸವಾಗಿತ್ತು. ಅಲ್ಲಿಂದ ಕೊಲ್ಲಿಯ ಆಚೆ ಬದಿಗೆ ನಡೆದರೆ ದೊಡ್ಡ ಕಲ್ಲುಗಳನ್ನು ಪೇರಿಸಿ ಕಟ್ಟಿದ ಅಲೆತಡೆಗೋಡೆ ಸಿಗುತ್ತದೆ. ಅದರ ಬುಡದ ಬಳಿ, ಎತ್ತರದ ಜಾಗದಲ್ಲಿ, ಹೋಗಿಬರುವ ಹಡಗುಗಳ ಮೇಲೆ ಕಣ್ಣಿಡುತ್ತಿದ್ದ ಕಾವಲುಮನೆಯ ಕಲ್ಲಿನ ಕಟ್ಟೆಯಿದೆ. ಹಳೆಯ ಬಂದರಿನ ಐದನೆಯ ಭಾಗವನ್ನು ಹುಡುಕಿ ನೋಡಬೇಕು, ಏಕೆಂದರೆ ಅದು ಇಳಿತದಲ್ಲಷ್ಟೇ ಮೇಲೇಳುವ ಕಲ್ಲುಹಾಸು. ಮರದ ಹಡಗಿನ ತಳಕ್ಕೆ ಕಡಲಹುಳುಗಳು ಹತ್ತಿ ಮರವನ್ನು ಕೊರೆದುಹಾಕುತ್ತವೆ, ಚಿಪ್ಪುಜೀವಿಗಳು ಅಂಟಿಕೊಂಡು ವೇಗವನ್ನು ತಗ್ಗಿಸುತ್ತವೆ. ಉಬ್ಬರದಲ್ಲಿ ಹಡಗನ್ನು ಈ ಹಾಸಿನ ಮೇಲಕ್ಕೆ ತಂದು, ನೀರು ಇಳಿದ ಮೇಲೆ ತಳಕ್ಕೆ ಬೆಂಕಿಯ ಹೊಗೆ ಮತ್ತು ಕಾವು ಕೊಟ್ಟು ಹುಳುಗಳನ್ನು ಕೊಲ್ಲುತ್ತಿದ್ದರು. ಮುಂದಿನ ಉಬ್ಬರ ಬಂದಾಗ ಹಡಗು ತಾನಾಗಿ ತೇಲುತ್ತಿತ್ತು. ನಮ್ಮ ಕರಾವಳಿಯಲ್ಲಿ ಇದೇ ತೊಂದರೆಗೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿಯುವ ರೂಢಿಯಿತ್ತು. ದೀಪಸ್ತಂಭ, ಮೆಟ್ಟಿಲುಧಕ್ಕೆ, ಅಲೆತಡೆ, ಕಾವಲುಮನೆ, ಈ ದುರಸ್ತಿಯ ಹಾಸು, ಇವೈದೂ ಒಂದೇ ಕೊಲ್ಲಿಯಲ್ಲಿ ಉಳಿದಿರುವ ಎದೊ ಕಾಲದ (1603–1868) ಬಂದರು ಜಪಾನಿನಲ್ಲಿ ಇದೊಂದೇ ಎಂದು ಇತಿಹಾಸಜ್ಞರು ಹೇಳುತ್ತಾರೆ. ಅಧ್ಯಾಪಕರಾದ ನೀವು ಇವುಗಳನ್ನು ಬೇರೆಬೇರೆ ಸ್ಮಾರಕಗಳೆಂದು ನೋಡದೆ, ಏರಿಳಿಯುವ ನೀರಿನ ಸುತ್ತ ಕಟ್ಟಿದ ಒಂದೇ ಯಂತ್ರದ ಭಾಗಗಳೆಂದು ನೋಡಬೇಕೆಂಬುದು ನನ್ನ ಒತ್ತಾಯ.

ಇನ್ನೆರಡು ಕಟ್ಟಡಗಳನ್ನು ಬಿಡಬೇಡಿ. ಫುಕುಜೆಂಜಿ ಎಂಬ ಬೌದ್ಧ ದೇವಾಲಯಕ್ಕೆ ಸೇರಿದ, 17ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ತೈಚೋರೊ ಸಭಾಂಗಣ ಒಂದು. ಕೊರಿಯಾದ ಜೊಸೊನ್ ಅರಸರು 1607ರಿಂದ 1811ರ ನಡುವೆ ಜಪಾನಿಗೆ ಹನ್ನೆರಡು ನಿಯೋಗಗಳನ್ನು ಕಳಿಸಿದ್ದರು. ಸೆತೊ ಸಮುದ್ರದಲ್ಲಿ ಹಾದುಹೋಗುವಾಗ ಅವರ ತಂಗುದಾಣಗಳಲ್ಲಿ ಈ ದೇವಾಲಯವೂ ಸೇರಿತ್ತು. 1711ರಲ್ಲಿ ಬಂದ ಯಿ ಬಾಂಗ್-ಒನ್ ಎಂಬ ಅಧಿಕಾರಿ ಇಲ್ಲಿನ ದೃಶ್ಯವನ್ನು ಪೂರ್ವ ನಾಡಿನಲ್ಲೇ ಮೊದಲ ಸ್ಥಾನಕ್ಕೆ ಸಲ್ಲುವಂಥದ್ದೆಂದು ಹೊಗಳಿ ಬರೆದಿಟ್ಟ. ಚಾಪೆಯ ಮೇಲೆ ಕುಳಿತರೆ ಕಂಬಗಳ ನಡುವಿನಿಂದ ಬೆಂತೆನ್ ಎಂಬ ಪುಟ್ಟ ನಡುಗಡ್ಡೆಯೂ ಅದರ ಹಿಂದೆ ಸೆನ್ಸುಯಿ ದ್ವೀಪವೂ ಕಾಣುತ್ತವೆ. ಎರಡನೆಯದು ಓತಾ ಮನೆತನದ ನಿವಾಸ. ಮೂಲತಃ ಇದು ನಕಾಮುರಾ ಮನೆತನದವರ ಔಷಧೀಯ ಮದ್ಯ ತಯಾರಿಕೆಯ ಮನೆ. ಸುಣ್ಣದ ಬಿಳಿ ಗೋಡೆಯ ಉಗ್ರಾಣಗಳೂ ಅತಿಥಿಗಳ ಕೋಣೆಗಳೂ ಇಂದಿಗೂ ಇವೆ. 1863ರಲ್ಲಿ ಕ್ಯೋಟೊದಿಂದ ಪಲಾಯನ ಮಾಡುತ್ತಿದ್ದ ಏಳು ಮಂದಿ ಆಸ್ಥಾನಿಕರು ಇಲ್ಲಿ ತಂಗಿದ್ದರು. ಈ ಮನೆಗೆ ವಾರದ ರಜಾದಿನವಿರುತ್ತದೆ, ಮೊದಲೇ ವಿಚಾರಿಸಿಕೊಂಡು ಹೊರಡಿ.

ಪ್ರಶ್ನೆ: ಬಂದರಿನ ಮೇಲೆ ಸೇತುವೆ ಕಟ್ಟುವುದನ್ನು ಅಲ್ಲಿನ ಜನ ನ್ಯಾಯಾಲಯಕ್ಕೆ ಹೋಗಿ ತಡೆದರಂತೆ. ಇದು ನಿಜವೇ? ಊರಿನವರೆಲ್ಲ ಒಂದೇ ಅಭಿಪ್ರಾಯದಲ್ಲಿದ್ದರೇ? (ಓದುಗರೊಬ್ಬರು, ಹೊನ್ನಾವರ)

ಉತ್ತರ: ನಿಜ. ಒಂದೇ ಅಭಿಪ್ರಾಯ ಮಾತ್ರ ಇರಲಿಲ್ಲ, ಮತ್ತು ಆ ಭಿನ್ನಾಭಿಪ್ರಾಯವನ್ನು ಗೌರವದಿಂದಲೇ ನೋಡಬೇಕು.

ಉಗಿಹಡಗುಗಳು ಉಬ್ಬರವನ್ನು ಕಾಯಬೇಕಾಗಿರಲಿಲ್ಲ. 1891ರಲ್ಲಿ ರೈಲು ಫುಕುಯಾಮಾವನ್ನು ಮುಟ್ಟಿತು, ತೊಮೊ ಮುಖ್ಯ ಮಾರ್ಗದ ಹೊರಗೆ ಉಳಿಯಿತು. ವ್ಯಾಪಾರ ಬೇರೆಡೆಗೆ ಹೋದ ಕಾರಣಕ್ಕೇ ಹಳೆಯ ಧಕ್ಕೆಯನ್ನು ಒಡೆದು ಕಾಂಕ್ರೀಟು ಸುರಿಯುವ ಅಗತ್ಯ ಯಾರಿಗೂ ಬರಲಿಲ್ಲ. ಆದರೆ ಗಾಡಿಗಳ ಕಾಲದ ಮೊದಲೇ ಹುಟ್ಟಿದ ಓಣಿಗಳಲ್ಲಿ ಎದುರುಬದುರಾಗಿ ಎರಡು ಕಾರುಗಳು ದಾಟುವುದು ಕಷ್ಟ. ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳ ಚಿಂತೆ ಅಲ್ಲಿ ವಾಸಿಸುವವರಿಗೆ ದಿನನಿತ್ಯದ್ದು. ಇದಕ್ಕೆ ಪರಿಹಾರವಾಗಿ ಬಂದರಿನ ಒಂದು ಭಾಗವನ್ನು ಮಣ್ಣು ತುಂಬಿ, ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಸುಮಾರು 180 ಮೀಟರ್ ಉದ್ದದ ಸೇತುವೆ ಕಟ್ಟುವ ಯೋಜನೆಯನ್ನು 1983ರಲ್ಲಿ ರೂಪಿಸಲಾಯಿತು. ಊರಿನಲ್ಲಿ ಅನೇಕರು ಅದನ್ನು ಮನಸಾರೆ ಬಯಸಿದ್ದರು. ವಿರೋಧಿಸಿದವರ ವಾದ, ಬೆಟ್ಟದಲ್ಲಿ ಸುರಂಗ ಕೊರೆದು ರಸ್ತೆಯನ್ನು ಊರ ಹೊರಗಿನಿಂದ ಒಯ್ಯಲು ಸಾಧ್ಯವಿರುವಾಗ ಮತ್ತೆಂದೂ ಮರಳಿ ಪಡೆಯಲಾಗದ ಬಂದರನ್ನು ತುಂಬಬಾರದು ಎಂಬುದು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ತೊಮೊವನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ 2002 ಮತ್ತು 2004ರಲ್ಲಿ ಸೇರಿಸಿತು.

2007ರಲ್ಲಿ ನಿವಾಸಿಗಳು ದಾವೆ ಹೂಡಿದರು. 2009ರ ಅಕ್ಟೋಬರ್ 1ರಂದು ಹಿರೋಶಿಮಾ ಜಿಲ್ಲಾ ನ್ಯಾಯಾಲಯ, ಮಣ್ಣು ತುಂಬಲು ರಾಜ್ಯಪಾಲರು ಅನುಮತಿ ನೀಡಬಾರದೆಂದು ತೀರ್ಪು ಕೊಟ್ಟಿತು. (ಜಪಾನಿನಲ್ಲಿ ಪ್ರಾಂತದ ರಾಜ್ಯಪಾಲರು ಜನರಿಂದ ನೇರವಾಗಿ ಆಯ್ಕೆಯಾದ ಆಡಳಿತ ಮುಖ್ಯಸ್ಥರು, ನಮ್ಮಲ್ಲಿರುವಂತೆ ನೇಮಕಗೊಂಡವರಲ್ಲ.) ತಮ್ಮ ಸುತ್ತಲಿನ ಚಾರಿತ್ರಿಕ ದೃಶ್ಯವನ್ನು ಅನುಭವಿಸುವುದು ಅಲ್ಲಿ ಬದುಕುವವರಿಗೆ ಕಾನೂನಿನ ರಕ್ಷಣೆಗೆ ಅರ್ಹವಾದ ಹಿತಾಸಕ್ತಿ ಎಂದು ಒಪ್ಪಿ, ಆ ಆಧಾರದ ಮೇಲೆ ಸಾರ್ವಜನಿಕ ಕಾಮಗಾರಿಯೊಂದನ್ನು ಆರಂಭಕ್ಕೆ ಮುಂಚೆಯೇ ತಡೆದದ್ದು ಈ ತೀರ್ಪಿನ ಮಹತ್ವ. ಪ್ರಾಂತ ಮೇಲ್ಮನವಿ ಸಲ್ಲಿಸಿತು. ಆದರೆ 2012ರಲ್ಲಿ ರಾಜ್ಯಪಾಲ ಯುಜಾಕಿ ಹಿದೆಹಿಕೊ ಅವರು ಸೇತುವೆಯನ್ನು ಕೈಬಿಟ್ಟು ಸುರಂಗದ ಮಾರ್ಗ ಹಿಡಿಯುವುದಾಗಿ ಪ್ರಕಟಿಸಿದರು. 2016ರಲ್ಲಿ ಅನುಮತಿಯ ಅರ್ಜಿಯನ್ನು ಹಿಂತೆಗೆದುಕೊಳ್ಳುವುದರೊಂದಿಗೆ ಮೊಕದ್ದಮೆಯೂ ಮುಗಿಯಿತು. 2017ರಲ್ಲಿ ಊರಿನ ಹಳೆಯ ಭಾಗ ರಾಷ್ಟ್ರಮಟ್ಟದ ಸಂರಕ್ಷಿತ ಪಾರಂಪರಿಕ ಪ್ರದೇಶವಾಯಿತು.

ತೀರ್ಪು ಸರಿಯೆಂದೇ ನನ್ನ ದೃಢವಾದ ನಂಬಿಕೆ. ಸೇತುವೆಯನ್ನು ಬಯಸಿದವರನ್ನು ಪರಂಪರೆಯ ಶತ್ರುಗಳೆಂದು ಕರೆಯುವುದು ಮಾತ್ರ ಅನ್ಯಾಯ. ಅವರ ಮನೆಗಳ ಮುಂದಿನ ಓಣಿ ಇಂದಿಗೂ ಅಷ್ಟೇ ಕಿರಿದು. ವಯಸ್ಸಾದವರೇ ಹೆಚ್ಚಾಗಿ ಉಳಿದಿರುವ ಊರಿನಲ್ಲಿ ಖಾಲಿ ಮನೆಗಳನ್ನು ಸುಸ್ಥಿತಿಯಲ್ಲಿಡುವುದು ಇನ್ನೂ ಭಾರವಾದ ಹೊಣೆ. ಹೋದವರು ಅಲ್ಲಿನ ಅಂಗಡಿಯಲ್ಲಿ ಏನಾದರೂ ಕೊಂಡು, ಅಲ್ಲಿಯೇ ಉಂಡು, ಅಲ್ಲಿಯೇ ತಂಗಿದರೆ ಆ ಹೊಣೆಯಲ್ಲಿ ಸ್ವಲ್ಪವಾದರೂ ಪಾಲು ಕೊಟ್ಟಂತೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಮೀನಿನ ಊರಿನಲ್ಲಿ ನಮಗೆ ಊಟ ಸಿಕ್ಕೀತೇ? ಅಲ್ಲಿನ ಔಷಧೀಯ ಮದ್ಯ ಎಂಥದ್ದು? (ಓದುಗರೊಬ್ಬರು, ಮೈಸೂರು)

ಉತ್ತರ: ಕಷ್ಟ ಎಂದೇ ಹೇಳಬೇಕು. ತರಕಾರಿಯ ಸಾರಿನಂತೆ ಕಂಡದ್ದಕ್ಕೂ ಒಣಮೀನಿನಿಂದ ಬಸಿದ ದಾಶಿ ಎಂಬ ರಸವೇ ಅಡಿಪಾಯ. ಮಿಸೊ ಸೂಪು, ನೂಡಲ್ಸಿನ ಸಾರು, ಬೇಯಿಸಿದ ತರಕಾರಿ, ಎಲ್ಲದರಲ್ಲೂ ಅದಿರುತ್ತದೆ. ‘ಮಾಂಸ ಬೇಡ’ ಎಂದರೆ ಮೀನು ಬೇಡ ಎಂದು ಅಲ್ಲಿ ಅರ್ಥವಾಗುವುದಿಲ್ಲ. ಮೀನು, ಮೀನಿನ ರಸ, ಮೊಟ್ಟೆ, ಯಾವುದು ಬೇಡವೋ ಅದನ್ನು ಒಂದೊಂದಾಗಿ ಜಪಾನಿ ಭಾಷೆಯಲ್ಲಿ ಬರೆಸಿಕೊಂಡ ಚೀಟಿ ಕೈಯಲ್ಲಿರಲಿ, ತಂಗುವ ಮನೆಯವರಿಗೆ ಕೆಲವು ದಿನ ಮೊದಲೇ ತಿಳಿಸಿ. ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟಿನ ಪೊಟ್ಟಣ ಚೀಲದಲ್ಲಿದ್ದರೆ ನಿಶ್ಚಿಂತೆ. ಹಣ್ಣು ಮತ್ತು ಬರಿಯ ಅನ್ನವನ್ನು ಫುಕುಯಾಮಾ ನಿಲ್ದಾಣದ ಸುತ್ತಲಿನ ಅಂಗಡಿಗಳಲ್ಲೇ ಕೊಂಡು ಬಸ್ಸು ಹತ್ತಿ. ಮೀನು ತಿನ್ನುವವರಿಗೆ ತೈ ಮೀನು ಬೆರೆಸಿದ ಅನ್ನ ಅಲ್ಲಿನ ಹೆಮ್ಮೆಯ ಅಡುಗೆ.

ಔಷಧೀಯ ಮದ್ಯದ ಹೆಸರು ಹೋಮೇಶು. 1659ರಲ್ಲಿ ನಕಾಮುರಾ ಕಿಚಿಬೇ ಎಂಬಾತ ಇದರ ತಯಾರಿಕೆಯನ್ನು ಶುರುಮಾಡಿದ. ಅಂಟಕ್ಕಿಯಿಂದ ಮಾಡಿದ ಸಿಹಿ ಮದ್ಯದಲ್ಲಿ ಹದಿನಾರು ಬಗೆಯ ಮೂಲಿಕೆಗಳನ್ನು ನೆನೆಸಿ ತಯಾರಿಸುತ್ತಾರೆ. ಚಕ್ಕೆ, ಲವಂಗಗಳ ಘಮ ಅದರಲ್ಲಿ ಸ್ಪಷ್ಟ. ಇಂದು ಊರಿನಲ್ಲಿ ನಾಲ್ಕು ತಯಾರಕರಿದ್ದಾರೆ, ಒಬ್ಬೊಬ್ಬರದು ಒಂದೊಂದು ರುಚಿ. ಔಷಧಿ ಎಂಬ ಹೆಸರಿದ್ದರೂ ಅದರಲ್ಲಿ ಮದ್ಯಸಾರ ಇದ್ದೇ ಇರುತ್ತದೆ, ಕುಡಿಯದವರು ಅಂಗಡಿಯವರು ನೀಡುವ ಪುಟ್ಟ ಲೋಟವನ್ನು ವಿನಯದಿಂದ ಬೇಡವೆನ್ನಬಹುದು.

ಪ್ರಶ್ನೆ: ಎಪ್ಪತ್ತು ದಾಟಿದ, ಮೊಣಕಾಲು ನೋವಿರುವ ತಾಯಿಯನ್ನು ಕರೆದುಕೊಂಡು ಹೋಗಬಹುದೇ? (ಓದುಗರೊಬ್ಬರು, ಧಾರವಾಡ)

ಉತ್ತರ: ಖಂಡಿತ ಹೋಗಬಹುದು. ಬಂದರಿನ ಸುತ್ತಲಿನ ಓಣಿಗಳು ಬಹುಪಾಲು ಸಮತಟ್ಟಾಗಿವೆ, ದೀಪಸ್ತಂಭದಿಂದ ಓತಾ ನಿವಾಸಕ್ಕೆ ಕೆಲವೇ ನಿಮಿಷಗಳ ನಡಿಗೆ. ತೈಚೋರೊಗೆ ಮೆಟ್ಟಿಲು ಹತ್ತಬೇಕು, ಒಳಗೆ ಪಾದರಕ್ಷೆ ಕಳಚಿ ಚಾಪೆಯ ಮೇಲೆ ಕೂರಬೇಕು. ಧಕ್ಕೆಯ ಕೆಳಗಿನ ಮೆಟ್ಟಿಲುಗಳು ಇಳಿತದಲ್ಲಿ ಬಹಳ ಜಾರುತ್ತವೆ, ತಾಯಿಯವರು ಮೇಲಿನಿಂದಲೇ ನೋಡಲಿ. ದೊಡ್ಡ ಪೆಟ್ಟಿಗೆಗಳನ್ನು ಫುಕುಯಾಮಾ ನಿಲ್ದಾಣದ ಲಾಕರ್‌ನಲ್ಲಿಟ್ಟು ಕೈಚೀಲದೊಂದಿಗೆ ಹೊರಡಿ, ಚಿಲ್ಲರೆ ಯೆನ್ ನಾಣ್ಯಗಳು ಜೊತೆಗಿರಲಿ. ಸೆನ್ಸುಯಿ ದ್ವೀಪಕ್ಕೆ ಹೋಗುವ ದೋಣಿಯ ಪಯಣ ಐದೇ ನಿಮಿಷದ್ದು. ದ್ವೀಪದ ದಂಡೆಯಲ್ಲಿ ಅವರನ್ನು ಕೂರಿಸಿ ನೀವು ಕಾಲುದಾರಿಯಲ್ಲಿ ಒಂದು ಸುತ್ತು ಹಾಕಿ ಬರಬಹುದು. ಬಸ್ಸಿನಲ್ಲಿ ತೊಮೊ-ನೊ-ಉರಾ ಮತ್ತು ತೊಮೊ ಬಂದರು ಎಂಬ ಎರಡು ನಿಲ್ದಾಣಗಳಿವೆ. ದೋಣಿ ಮತ್ತು ತೈಚೋರೊ ಮೊದಲನೆಯದಕ್ಕೆ ಹತ್ತಿರ, ಹಳೆಯ ಧಕ್ಕೆಯನ್ನಷ್ಟೇ ನೋಡುವುದಾದರೆ ಎರಡನೆಯದರಲ್ಲಿ ಇಳಿದರೆ ಅವರಿಗೆ ನಡಿಗೆ ಕಡಿಮೆಯಾಗುತ್ತದೆ.